ಎಂಜಿನ್ನಿನ ಹೊಟ್ಟೆಗೆ ಹೋದ ಅದಿರು

ದೊಡ್ಡಬಸಪ್ಪ ತಮ್ಮ ಪ್ರಾಯವನ್ನೆಲ್ಲ ಸಂಡೂರಿನ ಕಡೆಯ ಒಂದು ಗಣಿ ಕಂಪನಿಯ ರೈಲ್ವೆ ಸೈಡಿಂಗಿನಲ್ಲಿ ಕಳೆದವರು. ಗೂಡ್ಸ್ ರೈಲಿಗೆ ಅದಿರು ತುಂಬಿಸುವ ಮೇಸ್ತ್ರಿ. ನಿವೃತ್ತಿಯ ದಿನ ಕಂಪನಿಯವರು ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಅದಿರಿನ ಕಲ್ಲು ಕೊಟ್ಟರು. ಹೌದು, ಕಲ್ಲು. ಗುಡ್ಡಕ್ಕೆ ಗುಡ್ಡವನ್ನೇ ಹೊತ್ತುಕೊಂಡು ಹೋದವರು ನೆನಪಿಗೆಂದು ಮುಷ್ಟಿಯಷ್ಟು ಕಲ್ಲು ವಾಪಸು ಕೊಟ್ಟು ಫೋಟೊ ತೆಗೆಸಿಕೊಂಡರು. ಕಂಪನಿ ಕೊಟ್ಟದ್ದು ಇನ್ನೊಂದಿತ್ತು, ಅದನ್ನು ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ: ಕೆಮ್ಮು.

ಆ ಕೆಮ್ಮಿನಿಂದಲೇ ಅವರಿಗೆ ಶ್ರೀಪತಿರಾಯರ ಗುರುತಾದದ್ದು. ಚೋರನೂರಿನ ಹೊಲವನ್ನು ತಮ್ಮನಿಗೆ ಬಿಟ್ಟು ಹೊಸಪೇಟೆಯಲ್ಲಿ ಮನೆ ಮಾಡಿದ್ದ ದೊಡ್ಡಬಸಪ್ಪ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆಯುತ್ತಿದ್ದರು. ಒಂದು ದಿನ ಕೆಮ್ಮು ಹತ್ತಿ ಕಲ್ಲಿನ ಮೇಲೆ ಕುಳಿತವರಿಗೆ, ಹಿಂದಿನಿಂದ ಬಂದ ರಾಯರು ನೀರಿನ ಬಾಟಲಿ ಕೊಟ್ಟರು. ರಾಯರು ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಸೈಡಿಂಗು, ವ್ಯಾಗನ್ನುಗಳ ರೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ಕೋಣೆಯ ತುಂಬ ಪುಟ್ಟ ರೈಲು ಎಂಜಿನ್ನುಗಳು. ಜೋಡಿಸುವ ತಾಪತ್ರಯವಿಲ್ಲ, ಡಬ್ಬಿಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡುವಂಥವು.

"ಇವು ಹುಡುಗ್ರ ಆಟಿಗಿ ಸಾಮಾನು ಅಲ್ಲೇನ್ರಿ ರಾಯರ?" ಎಂದರು ದೊಡ್ಡಬಸಪ್ಪ.

"ಮೊದಲು ಕೈಯಾಗ ಹಿಡೀರಿ. ಆಮ್ಯಾಲ ಹೇಳ್ರಿ."

ಹಸಿರು ಬಣ್ಣದ ಡೀಸೆಲ್ ಎಂಜಿನ್ನು ಅಂಗೈಗೆ ಬಂತು. ಬೆಲ್ಲದಚ್ಚಿನಂತೆ ಕೈ ಜಗ್ಗಿತು.

"ಅಂಗಡ್ಯಾಗ ಸಿಗೋದು ಬರೇ ಪ್ಲಾಸ್ಟಿಕ್. ಚಾಲೂ ಮಾಡಿದ್ರ ಬೆದರಿದ ಕರು ಹಾರಿದಂಗ ಹಾರ್ತದ. ಇದರ ಒಳಗ ಉಕ್ಕಿನ ಎಲುಬು ಅದ, ಹಲ್ಲು ಕೂಡೋ ಗೇರು ಅವ. ಎಲ್ಲಾ ಗಾಲಿನೂ ಎಳೀತಾವ, ಎಲ್ಲಾ ಗಾಲಿನೂ ಹಳಿಯಿಂದ ಕರೆಂಟ್ ತಗೋತಾವ. ಛಲೋ ಎಂಜಿನ್ ಅಂದ್ರ ಜೋರು ಓಡೋದಲ್ರಿ. ಇರುವಿ ಹೋದಂಗ ಹೋಗಬೇಕು, ಎಲ್ಲೂ ಮುಗ್ಗರಿಸಬಾರದು." ರಾಯರು ಕರೆಂಟಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದರು. ಎಂಜಿನ್ನು ನಿಜವಾಗಿಯೂ ಇರುವೆಯಂತೆ ಹೊರಟಿತು.

ಆ ಮನೆಗೆ ಬಂದ ನೆಂಟರೆಲ್ಲ ಇಲ್ಲಿಯವರೆಗೆ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಬಿತ್ತು? ಮದುವೆಯ ಒಂದು ಸಂಜೆಯ ಪಟಾಕಿಗೆ ಇದರ ಹತ್ತು ಪಟ್ಟು ಸುಡುವ ಮಂದಿ, ವರ್ಷಗಟ್ಟಲೆ ಉಳಿಯುವ ಕೆಲಸಗಾರಿಕೆಯನ್ನು ಕಂಡರೆ ಮಾತ್ರ ಹುಬ್ಬೇರಿಸುತ್ತಾರೆ. ದೊಡ್ಡಬಸಪ್ಪ ಬೆಲೆ ಕೇಳಲಿಲ್ಲ. ಬಗ್ಗಿ, ಗಲ್ಲವನ್ನು ಮೇಜಿಗೆ ಊರಿ, ಎಂಜಿನ್ನು ತನ್ನತ್ತ ಬರುವುದನ್ನು ನೋಡುತ್ತ ಕುಳಿತರು. ರಾಯರು ಅಂದೇ ಅವರನ್ನು ಗೆಳೆಯನೆಂದು ಲೆಕ್ಕಕ್ಕೆ ಹಿಡಿದದ್ದು.

ಬೇಸಿಗೆಗೆ ರಾಯರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಹುಬ್ಬಳ್ಳಿಯ ಮಗಳು ಶುಭಾಳ ಮನೆಗೆ ಹೊರಟರು. ಹೋಗುವ ಮುಂಚೆ ಆ ಹಸಿರು ಎಂಜಿನ್ನು, ಒಂದು ಸುತ್ತಿಗಾಗುವಷ್ಟು ಹಳಿ, ಕರೆಂಟಿನ ಗುಂಡಿ, ಖಾಲಿ ವ್ಯಾಗನ್ನುಗಳು ಎಲ್ಲವನ್ನೂ ತಂದು ದೊಡ್ಡಬಸಪ್ಪನವರ ನಡುಮನೆಯಲ್ಲಿ ಇಳಿಸಿದರು.

"ಸುಮ್ನ ಕುಂತ್ರ ಗ್ರೀಸ್ ಗಟ್ಟಿ ಆಗ್ತದ, ಆಗಾಗ ಓಡಸ್ತಿರಿ. ಗಾಲಿ ಒರಸ್ರಿ, ಸಾಕು. ಎಣ್ಣಿ ಗಿಣ್ಣಿ ಹಾಕಬ್ಯಾಡ್ರಿ ಮತ್ತ. ಈ ಮಾದರಿ ಕಂಪನಿಯವ್ರು ನಿಲ್ಲಿಸಿಬಿಟ್ಟಾರ. ಹೋತಂದ್ರ ಹೋತು, ಬಿಡಿ ಸಾಮಾನು ಸೈತ ಸಿಗಂಗಿಲ್ಲ."

ರಾಯರ ಹೆಂಡತಿ ವಿಜಯಲಕ್ಷ್ಮೀ ಬಾಗಿಲಲ್ಲೇ ನಕ್ಕರು: "ನನಗ ಒರಸ್ಲಿಕ್ಕೂ ಕೊಟ್ಟಿಲ್ರಿ ಇದನ್ನ. ನಿಮ್ಮ ಪುಣ್ಯ ದೊಡ್ಡದು."

ಕೆಮ್ಮಿಗೆ ಹೆದರಿ ಬೆಳಗಿನ ನಡಿಗೆ ಬಿಟ್ಟರೆ ಹೊರಗೆ ಹೋಗದ ದೊಡ್ಡಬಸಪ್ಪನವರಿಗೆ ಎಂಜಿನ್ನಿನ ಜೊತೆ ದಿನಗಳು ಹಗುರಾಗಿ ಕಳೆಯತೊಡಗಿದವು. ಆದರೆ ಒಂದು ಕಿರಿಕಿರಿ. ವ್ಯಾಗನ್ನುಗಳು ಖಾಲಿ ಸುತ್ತುತ್ತಿದ್ದವು. ಸೈಡಿಂಗಿನಿಂದ ಒಂದೇ ಒಂದು ರೇಕನ್ನೂ ಖಾಲಿ ಬಿಟ್ಟವರಲ್ಲ ಅವರು. ಬರುವಾಗ ಖಾಲಿ, ಹೋಗುವಾಗ ತುಂಬಿ, ಇದೇ ಅವರ ಜೀವನದ ನೇಮ. ಸುತ್ತು ಹೊಡೆಯುವ ಖಾಲಿ ಗಾಡಿ ಅವರ ಕಣ್ಣಿಗೆ ಚುಚ್ಚುತ್ತಿತ್ತು. ತುಂಬುವುದಾದರೂ ಏನನ್ನು? ಅಕ್ಕಿಯನ್ನೇ, ಸಾಸಿವೆಯನ್ನೇ? ಮನಸ್ಸು ಒಪ್ಪಲಿಲ್ಲ. ಗೋಡೆಯ ಮೇಲಿನ ಗಾಜಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಕಂಪನಿ ಕೊಟ್ಟ ಕಲ್ಲನ್ನು ಅಡುಗೆಮನೆಯ ಕುಟ್ಟಾಣಿಗೆ ಹಾಕಿದರು.

ಸದ್ದು ಕೇಳಿ ಹೆಂಡತಿ ನೀಲಗಂಗಮ್ಮ ಓಡಿ ಬಂದರು. "ಏನ್ ಮಾಡಾಕತ್ತೀರಿ? ಅದು ನಾನು ಬಳ್ಳೊಳ್ಳಿ ಕುಟ್ಟೋ ಕುಟ್ಟಾಣಿ!"

"ನಿನಗ ರಕ್ತ ಕಮ್ಮಿ ಐತಿ ಅಂದಿಲ್ಲೇನು ಡಾಕ್ಟರು? ಚಟ್ನಿಯಾಗ ಕಬ್ಬಿಣದಂಶ ಬರ್ತೈತಿ ತಗಾ."

"ನಿಮ್ಮ ತಲಿಯಾಗ ಐತಿ ಕಬ್ಬಿಣ. ಸನ್ಮಾನದ ಕಲ್ಲನ್ನ ಯಾರರ ಕುಟ್ತಾರೇನು?"

"ಅದನ್ನ ನೋಡಿ ನೋಡಿ ಹೊಟ್ಟಿ ತುಂಬಿತೇನು ನಮಗ? ಈಗರ ಒಂದು ಕೆಲಸಕ್ಕ ಬರ್ಲಿ."

ಕೆಂಪು-ಕಪ್ಪು ಪುಡಿ ವ್ಯಾಗನ್ನುಗಳಲ್ಲಿ ಸಣ್ಣ ಸಣ್ಣ ಗುಡ್ಡೆಯಾಗಿ ಕುಳಿತಿತು. ಗಾಡಿ ಹೊರಟಿತು. ಆಹಾ, ಥೇಟ್ ಅದೇ ರೇಕು! ಭಾರಕ್ಕೆ ಎಂಜಿನ್ನಿನ ದನಿಯೂ ಗಂಭೀರವಾಯಿತು. ದೊಡ್ಡಬಸಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು. ನೀಲಗಂಗಮ್ಮನೂ ಕುಟ್ಟಾಣಿಯ ಸಿಟ್ಟು ಮರೆತು ಸೆರಗು ಬಾಯಿಗೊತ್ತಿ ನಕ್ಕರು.

ಎರಡು ದಿನ ಈ ಸಂಭ್ರಮ ನಡೆಯಿತು. ತಿರುವಿನಲ್ಲಿ ಪ್ರತಿ ಸಲವೂ ಒಂದು ಚಿಟಿಕೆ ಪುಡಿ ಹಳಿಯ ಮೇಲೆ ಉದುರುತ್ತಿತ್ತು. ಅದನ್ನು ಅವರು ಗಮನಿಸಲಿಲ್ಲ, ಗಮನಿಸಿದರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಸೈಡಿಂಗಿನಲ್ಲಿ ಅದಿರು ಉದುರದ ಜಾಗ ಎಲ್ಲಿತ್ತು? ಅನ್ನದ ಡಬ್ಬಿಯಲ್ಲೂ ಉದುರುತ್ತಿತ್ತು. ಮೂರನೆಯ ದಿನ ಎಂಜಿನ್ನು ಮುಗ್ಗರಿಸಿತು. ಬೆರಳಿನಿಂದ ನೂಕಿದರು. ಗುಂಡಿಯನ್ನು ಪೂರ್ತಿ ತಿರುವಿದರು. ಒಳಗೆ ಹಲ್ಲು ಕಡಿದಂತೆ ಕರಕರ ಸದ್ದಾಗಿ, ಸುಟ್ಟ ವಾಸನೆಯ ಒಂದು ಎಳೆ ಮೂಗಿಗೆ ಬಡಿದು, ಗಾಡಿ ನಿಂತೇಬಿಟ್ಟಿತು.

ಕೈಗೆತ್ತಿಕೊಂಡು ಮಗುಚಿ ನೋಡಿದರು. ಮೋಟರಿನೊಳಗೆ ಅಯಸ್ಕಾಂತವಿರುತ್ತದೆಂಬುದು ಅವರಿಗೆ ಗೊತ್ತಿತ್ತು. ಆ ಕಲ್ಲಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಜಾತಿಯ ಅದಿರೂ ಇದೆಯೆಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ, ಅಷ್ಟೇ. ಹೊಟ್ಟೆಯ ಅಡಿಯಲ್ಲಿ ಪುಡಿ ಕಂಬಳಿಹುಳದ ಕೂದಲಿನಂತೆ ನಿಮಿರಿ ನಿಂತಿತ್ತು.

"ಮ್ಯಾಲೆ ಒರಿಸಿ ಡಬ್ಬ್ಯಾಗ ಇಟ್ಟುಬಿಡ್ರಿ," ಎಂದರು ನೀಲಗಂಗಮ್ಮ ಮೆಲ್ಲಗೆ. "ಸಾಮಾನು ಅಂದ ಮ್ಯಾಲೆ ಕೆಡ್ತಾವಪ್ಪ."

"ಹೆಂಡ್ತಿ ಕೈಯಾಗೂ ಕೊಡದಿದ್ದದ್ದನ್ನ ನನ್ನ ಕೈಯಾಗ ಕೊಟ್ಟು ಹೋಗ್ಯಾರ ಆ ಮನುಷ್ಯ. ಸುಳ್ಳು ಹೇಳಿ ನಾಳಿ ಯಾವ ಮಾರಿ ಇಟ್ಗಂಡು ಏರಿ ಮ್ಯಾಲೆ ಅಡ್ಡಾಡ್ಲಿ?"

ಅಂದಿನಿಂದ ಅನ್ನ ರುಚಿಸಲಿಲ್ಲ. ರಾಯರು ಕಪ್ಪು ಕನ್ನಡಕ ಹಾಕಿಕೊಂಡು ಹುಬ್ಬಳ್ಳಿಯಿಂದ ಬಂದಿಳಿದ ದಿನವೇ ದೊಡ್ಡಬಸಪ್ಪ ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ಕುಟ್ಟಾಣಿಯನ್ನೂ ಬಿಡಲಿಲ್ಲ.

ರಾಯರು ಟವೆಲು ಬಿಚ್ಚಿದರು. "ಅಕ್ಕಿ ಇರ್ಲಿಲ್ಲೇನ್ರಿ ಮನ್ಯಾಗ? ರವಾ ಇರ್ಲಿಲ್ಲೇನು? ಅದಿರೇ ಆಗಬೇಕಿತ್ತೇನು ನಿಮಗ!" ಎಂದು ದನಿಯೇರಿಸಿದವರು, ಎಂಜಿನ್ನು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವಿಜಯಲಕ್ಷ್ಮೀ ತಂದಿಟ್ಟ ಕಾಫಿ ಆರಿತು. ದೊಡ್ಡಬಸಪ್ಪ ಎದ್ದು ಬಂದರು.

ಏರಿಯ ಮೇಲೆ ರಾಯರು ಕಾಣಿಸಲಿಲ್ಲ. ಒಂದು ವಾರ ಹೋಯಿತು. ಗೆಳೆಯ ಸಿಕ್ಕಿದ್ದೇ ಈ ವಯಸ್ಸಿನಲ್ಲಿ, ಅವನನ್ನೂ ಕೈಯಾರೆ ಕಳೆದುಕೊಂಡೆ ಎಂದುಕೊಂಡು ದೊಡ್ಡಬಸಪ್ಪ ಹಾಸಿಗೆ ಹಿಡಿದವರಂತಿದ್ದಾಗ ವಿಜಯಲಕ್ಷ್ಮೀಯವರ ಫೋನು ಬಂತು.

"ಬರ್ರಿ ಮಾರಾಯ್ರ, ಇವರ ಕಾಟ ತಡೀಲಿಕ್ಕೆ ಆಗವಲ್ದು. ಡಾಕ್ಟರು ಬಗ್ಗಬ್ಯಾಡ ಅಂದಾರ, ಸಣ್ಣ ಸ್ಕ್ರೂ ಕಣ್ಣಿಗೆ ಕಾಣವಲ್ದು. ಎಂಜಿನ್ ಮುಂದ ಕುಂತು ಹಲ್ಲು ಕಡೀತಾರ. ಕೆಡಿಸಿದವರೇ ಬಂದು ಬಿಚ್ಚಲಿ ಅಂತಾರ."

ನೀಲಗಂಗಮ್ಮನೂ ಜೊತೆಗೆ ಹೊರಟರು. ಕುಟ್ಟಾಣಿ ತನ್ನದಲ್ಲವೇ ಎಂಬ ಅಳುಕು ಅವರಿಗೆ.

ಮೇಜಿನ ಮೇಲೆ ಹಳೆಯ ಪಂಚೆಯ ಬಿಳಿ ತುಂಡು ಹಾಸಿತ್ತು. ರಾಯರು ಕುರ್ಚಿಗೊರಗಿ ಕಣ್ಣು ಮುಚ್ಚಿಕೊಂಡೇ ಹೇಳುತ್ತ ಹೋದರು, ದೊಡ್ಡಬಸಪ್ಪ ಮಾಡುತ್ತ ಹೋದರು.

"ಮೊದಲು ಮ್ಯಾಲಿನ ಕವಚ. ಜಗ್ಗಬ್ಯಾಡ್ರಿ! ಎರಡೂ ಕಡೆ ಉಗುರು ಹಾಕಿ ಅಗಲ ಮಾಡ್ರಿ, ತಾನೇ ಬರ್ತದ. ಸ್ಕ್ರೂ ತಟ್ಟ್ಯಾಗ ಹಾಕ್ರಿ."

"ಹಾಕೀನ್ರಿ."

"ಮೋಟರ್ ನಡುವಿನ ಕಡ್ಡಿ ಬೆರಳಾಗ ತಿರುವ್ರಿ. ತಿರುಗ್ತದೇನು?"

ದೊಡ್ಡಬಸಪ್ಪ ಉಸಿರು ಬಿಗಿಹಿಡಿದು ತಿರುವಿದರು. "ಬಿಗಿ ಐತ್ರಿ. ಆದ್ರ ತಿರುಗ್ತೈತಿ."

"ಹಂಗಾದ್ರ ಸುಟ್ಟಿಲ್ಲ," ಎಂದರು ರಾಯರು. ಕೋಣೆಯಲ್ಲಿದ್ದ ನಾಲ್ವರೂ ಒಟ್ಟಿಗೇ ಉಸಿರು ಬಿಟ್ಟರು.

ಅಯಸ್ಕಾಂತಕ್ಕೆ ಅಂಟಿದ ಪುಡಿಯನ್ನು ಅಂಟುಟೇಪಿನಿಂದ ಒತ್ತಿ ಒತ್ತಿ ಎತ್ತಬೇಕು, ಊದಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಗೇರುಗಳನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ದೊಡ್ಡಬಸಪ್ಪ ತಿಕ್ಕಿದಂತೆಲ್ಲ ಗ್ರೀಸಿನೊಂದಿಗೆ ಕಲೆತ ಅದಿರು ಕೆಂಪು ಕೆಸರಾಗಿ ಬಿಳಿ ಬಟ್ಟೆಯ ಮೇಲೆ ಇಳಿಯಿತು. ಒರೆಸಿದಷ್ಟೂ ಬಂತು. ನಡುವೆ ಕೆಮ್ಮು ಬಂತು, ಅವರು ಮುಖ ತಿರುಗಿಸಿ ಕೆಮ್ಮಿದರು.

ನೀಲಗಂಗಮ್ಮ ಆ ಬಟ್ಟೆಯನ್ನೇ ನೋಡುತ್ತಿದ್ದರು. "ಅಂಗೈಯಷ್ಟು ಗಾಡಿ. ಮೂರು ದಿನದಾಗ ಇಷ್ಟು ಹೊಕ್ಕೈತಿ," ಎಂದರು. "ನಿಮ್ಮೊಳಗ ಎಷ್ಟು ಐತೋ."

ಸೈಡಿಂಗಿನಲ್ಲಿ ನೀರು ಚಿಮುಕಿಸುವ ಟ್ಯಾಂಕರ್ ಇನ್‌ಸ್ಪೆಕ್ಷನ್ನಿನ ದಿನ ಮಾತ್ರ ಬರುತ್ತಿತ್ತು. ಮೂಗಿಗೆ ಕಟ್ಟುವ ಮಾಸ್ಕು ಅಂದೇ ಹಂಚಿ ಅಂದೇ ವಾಪಸು ಇಸಿದುಕೊಳ್ಳುತ್ತಿದ್ದರು. ಮೋಟರು ಧೂಳು ತಿಂದರೆ ಕೂಡಲೇ ನಿಂತು ತೋರಿಸುತ್ತದೆ. ಮನುಷ್ಯ ನಿಲ್ಲುವುದಿಲ್ಲ, ಪಾಳಿ ಮುಗಿಸುತ್ತಾನೆ. ಅವನು ನಿಲ್ಲುವ ಹೊತ್ತಿಗೆ ಕಂಪನಿ ಶಾಲು ಹೊದಿಸಿ ಮುಗಿಸಿರುತ್ತದೆ. ಎದೆಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನೀಲಗಂಗಮ್ಮ ವರ್ಷದಿಂದ ಬೇಡಿಕೊಂಡಿದ್ದರು. ಏನು ಹೇಳಿಬಿಡುತ್ತಾರೋ ಎಂದು ದೊಡ್ಡಬಸಪ್ಪ ಮುಂದಕ್ಕೆ ಹಾಕುತ್ತಲೇ ಬಂದಿದ್ದರು.

ರಾಯರು ಕನ್ನಡಕ ತೆಗೆದರು. "ಸಾಕು, ಕೈ ತೊಳ್ಕೊಳ್ರಿ. ಇವತ್ತು ಜೋಡಸೋದಿಲ್ಲ."

"ಯಾಕ್ರಿ? ಒಣಗಿದ್ರ ಜಲ್ದಿ ಕೂಡಸ್ತೀನಿ."

"ನೀವು ಬಳ್ಳಾರಿಗೆ ಹೋಗಿ ಎದಿ ತೋರಿಸಿಕೊಂಡು ಬರ್ರಿ. ಅಲ್ಲಿತನ ಇದು ಹಿಂಗ ಬಿಚ್ಚಿಕೊಂಡು ತಟ್ಟ್ಯಾಗ ಬಿದ್ದಿರ್ತದ. ನನ್ನ ಎಂಜಿನ್ ಕೆಡಿಸೀರಿ, ಇಷ್ಟು ಮಾತು ನಡೆಸ್ರಿ."

"ಅಯ್ಯ, ಇದಕ್ಕೂ ಅದಕ್ಕೂ ಏನ್ ಸಂಬಂಧ್ರಿ ರಾಯರ?"

"ಏನೂ ಇಲ್ಲ. ಆದ್ರ ತಟ್ಟಿ ನನ್ನದು."

ದೊಡ್ಡಬಸಪ್ಪ ಮರುದಿನವೇ ನೀಲಗಂಗಮ್ಮನನ್ನು ಕರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದರು. ಆ ಬಿಡಿಬಿಡಿ ಗೇರುಗಳನ್ನು ತಟ್ಟೆಯಲ್ಲಿ ಬಿಟ್ಟು ಅವರಿಗೆ ನಿದ್ದೆ ಬರುವಂತಿರಲಿಲ್ಲ. ಪಕ್ಕದ ಸೀಟಿನಲ್ಲಿ, ಕಪ್ಪು ಕನ್ನಡಕದ ರಾಯರು ಕರೆಯದೆಯೇ ಬಂದು ಕುಳಿತಿದ್ದರು. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಧೂಳು ಕೆಲಸ ಮಾಡಿದೆ, ಅದನ್ನು ತೊಳೆದು ತೆಗೆಯಲಾಗದು, ಆದರೆ ಇನ್ನೂ ತಡವಾಗಿಲ್ಲ, ದಿನಾ ಇನ್ಹೇಲರಿನಲ್ಲಿ ಔಷಧಿ ಎಳೆದುಕೊಂಡರೆ ಕಾಲುವೆ ಏರಿ ಆರಾಮಾಗಿ ಹತ್ತಬಹುದು ಎಂದರು. ಈ ಅರ್ಧ ಸಿಹಿಗೆ ನೀಲಗಂಗಮ್ಮ ರಾಯರ ಕಡೆ ಕೈ ಮುಗಿದರು. "ದೇವ್ರು ಬಂದಂಗ ಬಂದ್ರಿ ಯಪ್ಪಾ. ನಾನು ಬಾಯಿ ಬಡಕೊಂಡ್ರೂ ಆಗಿದ್ದಿಲ್ಲ."

"ನನಗ್ಯಾಕ್ರಿ ಕೈ ಮುಗೀತೀರಿ? ಕುಟ್ಟಾಣಿಗೆ ಮುಗೀರಿ," ಎಂದರು ರಾಯರು.

ಎಂಜಿನ್ನನ್ನು ಕೂಡಿಸುವ ದಿನವೂ ದೊಡ್ಡಬಸಪ್ಪನವರದೇ ಕೈ. ಗೇರಿನ ಹಲ್ಲಿಗೆ ಸಾಸಿವೆ ಕಾಳಿನಷ್ಟು ಗ್ರೀಸು. ಗಾಲಿಯ ಅಚ್ಚಿಗೆ ಸೂಜಿ ತುದಿಯಲ್ಲಿ ನಿಂತಷ್ಟೇ ಎಣ್ಣೆ. ಹೆಚ್ಚು ಹಾಕಲು ಹೋದಾಗ "ಒಗ್ಗರಣಿ ಅಲ್ರಿ ಅದು!" ಎಂದು ರಾಯರು ಗದರಿದರು. ಕವಚ ಕುಳಿತಿತು. ಸ್ವಚ್ಛವಾಗಿ ಒರೆಸಿದ ಹಳಿಯ ಮೇಲಿಟ್ಟು ಗುಂಡಿ ತಿರುವಿದರು. ಎಂಜಿನ್ನು ಒಮ್ಮೆ ತಡೆದು, ಹೊರಟಿತು.

ರಾಯರು ಕಣ್ಣು ಮುಚ್ಚಿ ಸುತ್ತು ಮುಗಿಯುವವರೆಗೆ ಕೇಳಿಸಿಕೊಂಡರು. "ಒಂದು ಗೇರಿನ ಹಲ್ಲು ಸವದಾವ. ದನಿ ಗೊಗ್ಗರಾಗ್ಯದ."

"ತಪ್ಪಾತ್ರಿ ರಾಯರ," ಎಂದರು ದೊಡ್ಡಬಸಪ್ಪ. "ಮೊದಲಿನಂಗ ಆಗಂಗಿಲ್ಲೇನು?"

"ಇಲ್ಲ. ಆದ್ರ ಓಡ್ತದ."

ರಾಯರು ಎದ್ದು ಹೋಗಿ ಕಪಾಟಿನ ಮೇಲಿನ ಹಲಗೆಯಿಂದ ಒಂದು ಡಬ್ಬಿ ತಂದರು. ಒಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಕಪ್ಪು ಉಗಿ ಎಂಜಿನ್ನು. ಗಾಲಿಗಳ ಪಕ್ಕದ ಸಣ್ಣ ಸಣ್ಣ ಕಡ್ಡಿಗಳು ಕೂಡ ಒಂದೊಂದಾಗಿ ಅಲ್ಲಾಡುವಂಥದ್ದು, ಮನೆಯಲ್ಲಿದ್ದುದರಲ್ಲೇ ನಾಜೂಕಾದದ್ದು. ವಿಜಯಲಕ್ಷ್ಮೀ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದರು.

"ಇದೂ ಭಾಳ ದಿನದಿಂದ ಕುಂತದ. ನನ್ನ ಕಣ್ಣು ಇನ್ನ ಸಣ್ಣ ಕೆಲಸಕ್ಕ ಬರಂಗಿಲ್ಲ," ಎಂದು ರಾಯರು ಅದನ್ನು ದೊಡ್ಡಬಸಪ್ಪನವರ ಮುಂದೆ ಇಟ್ಟರು. "ಬಿಚ್ಚಿ ಸ್ವಚ್ಛ ಮಾಡ್ರಿ."

ಶಾಲಿನ ದಿನ ವೇದಿಕೆಯ ಮೇಲೆ ಒಣಗಿದ್ದ ದೊಡ್ಡಬಸಪ್ಪನವರ ಕಣ್ಣುಗಳು ಈಗ ಮಂಜಾದವು. ಎದ್ದು ಹಿತ್ತಿಲ ನಲ್ಲಿಗೆ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ ತಿಕ್ಕಿ ತೊಳೆದುಕೊಂಡು ಬಂದು ಕುರ್ಚಿ ಎಳೆದು ಕುಳಿತರು.