ಅಂಬುಬಾಯಿ ಒಡೆದ ಒಡ್ಡು

ಸರಸಂಬಾ ಊರಿನ ಹೊಲದಲ್ಲಿ ಇನ್ನೂ ಮಬ್ಬುಗತ್ತಲೆ. ಅರವತ್ತು ದಾಟಿದ ಅಂಬುಬಾಯಿ ಸೀರೆ ಮೇಲೆತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಕೈಯಲ್ಲಿ ಸಲಿಕೆ ಇದೆ, ಅದು ಮೇಲೇಳುತ್ತಿಲ್ಲ. ಎದುರಿಗಿರುವ ಒಡ್ಡು ಅವರೇ ಬೇಸಿಗೆಯಲ್ಲಿ ಇಪ್ಪತ್ತಾರು ದಿನ ಕಲ್ಲು ಮಣ್ಣು ಹೊತ್ತು ಕಟ್ಟಿದ್ದು. ಅದನ್ನೀಗ ಒಡೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

"ಒಡಿ ಅಂಬುಬಾಯಿ! ನೀರು ನಿಂತು ಮೂರು ದಿನ ಆತು. ತೊಗರಿ ಬೇರು ಕೊಳ್ಯಾಕತ್ತಾವ" ಎಂದು ಹೊಲದ ಒಡೆಯ ದೊಡ್ಡಪ್ಪ ದಂಡೆಯಿಂದ ಕೂಗುತ್ತಾರೆ.

ಅವರ ಹೆಂಡತಿ ಕಸ್ತೂರಿಬಾಯಿ ಒಪ್ಪುವುದಿಲ್ಲ. "ಒಡೀಬ್ಯಾಡ ಬೇ. ಬೆಳಿ ಹೋದ್ರ ಮುಂದಿನ ವರ್ಷ ಬರ್ತದ. ನೀರಿನ ಕೂಡ ಮಣ್ಣು ಹೋದ್ರ ಎಲ್ಲಿಂದ ತರೂದು?"

ಇಬ್ಬರ ಮಾತೂ ಖರೆ. ಅಂಬುಬಾಯಿಯ ಪೇಚಾಟವೂ ಅದೇ.

ಆಳಂದದ ಈ ಭಾಗದಲ್ಲಿ ಒಡ್ಡು ಹಾಕಿಸುವವರು ಮೊದಲು ಕರೆಯುವುದು ಅವರನ್ನೇ. ಎಪ್ಪತ್ತೆರಡನೇ ಇಸವಿಯ ಬರದಲ್ಲಿ ತಾಯಿಯ ಜೊತೆ ಕಾಮಗಾರಿಗೆ ಹೋಗಿ, ಎಂಟನೇ ವಯಸ್ಸಿಗೆ ಕಲಿತ ಕೆಲಸ. ಅಳತೆಪಟ್ಟಿ ಹಿಡಿದವರಲ್ಲ, ಹೊಲದ ಇಳಿಜಾರು ಅಂಗಾಲಿಗೇ ತಿಳಿಯುತ್ತದೆ. ದಿನಕ್ಕೆ ಇನ್ನೂರು ಬುಟ್ಟಿ ಮಣ್ಣು ಈಗಲೂ ಹೊರುತ್ತಾರೆ. ಕಡಗಂಚಿಯವರೆಗೂ ಅವರು ಕಟ್ಟಿದ ಒಡ್ಡುಗಳಿವೆ.

ಎರಡು ವರ್ಷಗಳಿಂದ ಮಾತ್ರ ಅಂದಾಜು ತಪ್ಪುತ್ತಿದೆ. ಹೋದ ವರ್ಷ ಮಳೆಯೇ ಇಲ್ಲ. ಈ ಮೇ ತಿಂಗಳಲ್ಲಿ ಎದ್ದ ಧೂಳುಗಾಳಿಗೆ ಹಾಡಹಗಲೇ ಎದುರಿನ ಎತ್ತು ಕಾಣದಾಯಿತು. ಹುಡಿಯಾಗಿದ್ದ ಕರಿಮಣ್ಣು ಒಡ್ಡಿನ ಮೇಲಿಂದ ಹಾರಿ ಹೋಯಿತು. ಜುಲೈನಲ್ಲಿ ನೋಡಿದರೆ, ತಿಂಗಳ ಮಳೆ ಒಂದೇ ಮಧ್ಯಾಹ್ನ ಸುರಿಯಿತು.

"ನೀರು ಎತ್ತಾಗ ಹರೀತದ ನನಗ ಗೊತ್ತಿತ್ರಿ. ಗಾಳಿದು ಯಾರಿಗಿ ಗೊತ್ತು? ನೀರಿಗಂತ ಕಟ್ಟಿದೆ, ಮಣ್ಣು ಮ್ಯಾಲಿಂದ ಹೋತು. ಈಗ ಅದೇ ಒಡ್ಡು ಬೆಳಿ ಕೊಲ್ಲಾಕತ್ತದ. ನಂದು ತಪ್ಪಾ, ಕಾಲದ್ದು ತಪ್ಪಾ, ತಿಳಿವಲ್ದು" ಎನ್ನುತ್ತಾರೆ ಅಂಬುಬಾಯಿ.

ತಗ್ಗು ಎಲ್ಲಿದೆಯೆಂದು ಅಂಗಾಲಿನಲ್ಲಿ ತಡವುತ್ತ ಒಡ್ಡಿನುದ್ದಕ್ಕೂ ಮೂರು ಸಲ ನಡೆಯುತ್ತಾರೆ. ದೊಡ್ಡಪ್ಪ ಮತ್ತೆ ಕೂಗಿದಾಗ, "ಸ್ವಲ್ಪ ಸುಮ್ಕಿರ್ರಿ ಸಾವ್ಕಾರ್ರ" ಎನ್ನುತ್ತಾರೆ. ಕೊನೆಗೆ ತಗ್ಗಿನ ಮೂಲೆಯಲ್ಲಿ ಸಲಿಕೆ ಹಾಕುತ್ತಾರೆ. ಬುಡದವರೆಗೆ ಅಲ್ಲ, ಒಂದು ಮೊಳ ಮಾತ್ರ. ನುಗ್ಗಿದ ನೀರು ಕರ್ರಗಿದೆ. ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಬೆರಳ ಸಂದಿಯಲ್ಲೆಲ್ಲ ಮಣ್ಣು. ಮುಖ ಬಾಡುತ್ತದೆ.

"ಕಲ್ಲು ಕೊಡ್ರಿ, ಲಗೂ!"

ಕಸ್ತೂರಿಬಾಯಿ ನೀರಿಗಿಳಿದು ಕಲ್ಲು ಎತ್ತಿಕೊಡುತ್ತಾರೆ. ದೊಡ್ಡಪ್ಪ ಹಳೆಯ ತೊಗರಿಕಟ್ಟಿಗೆಯ ಹೊರೆ ತರುತ್ತಾರೆ. ಅಂಬುಬಾಯಿ ಒಡ್ಡು ಒಡೆದ ಜಾಗಕ್ಕೆ ಕಲ್ಲು ಹಾಸಿ, ಒಳಬದಿಗೆ ಕಟ್ಟಿಗೆ ಒತ್ತಿ ಸೋಸುವ ತಡೆ ಮಾಡುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಹೊರಬೀಳುವ ನೀರು ತಿಳಿಯಾಗಿದೆ. ಹೊಲದಲ್ಲಿ ಗೇಣುದ್ದದ ತೊಗರಿಯ ತಲೆಗಳು ಮೇಲೆದ್ದಿವೆ. ಆರೇಳು ಸಾಲು ಹಳದಿಗೆ ತಿರುಗಿವೆ. ಅವು ಉಳಿಯುತ್ತವೆಯೇ ಎಂದರೆ ಅಂಬುಬಾಯಿ ತಲೆಯಾಡಿಸುತ್ತಾರೆ, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಜೇವರ್ಗಿಯಿಂದ ಹೊಸ ಒಡ್ಡಿಗೆ ಕರೆ ಬಂದಿದೆ. ಅಲ್ಲಿ ಹೇಗೆ ಕಟ್ಟುತ್ತೀರಿ ಎಂದು ಕೇಳಿದರೆ ಸಲಿಕೆಯನ್ನು ನೀರಿಗೆ ಅದ್ದುತ್ತಾರೆ.

"ಮೊದಲ ಹೊಲದಾಗ ಒಂದು ದಿನ ಸುಮ್ನ ಕುಂಡ್ರತೇನಿ. ಗಾಳಿ ಎತ್ತಾಗಿಂದ ಬರ್ತದ ನೋಡತೇನಿ" ಎನ್ನುತ್ತ ಸಲಿಕೆಯ ಕೆಸರು ತೊಳೆಯುತ್ತಾರೆ. "ಈ ವಯಸ್ಸಿಗಿ ಮತ್ತ ಒಂದನೇ ಕ್ಲಾಸಿಗಿ ಕುಂತೇನಿ. ಕಾಲಾಗ ಕಸು ಇರೂತನ ಕಲಿತೇನಿ ಬಿಡ್ರಿ."