ತುಂಡು ವೈರಸ್ಸಿನ ಮೇಡಂ

ಮೊನ್ನೆ ಕುಣಿಗಲ್ಲಿನಿಂದ ತಂದ ಟೊಮ್ಯಾಟೊ ಚೀಲದಲ್ಲಿ ಎಲೆಸಮೇತ ಒಂದು ಟೊಂಗೆ ಸೇರಿಕೊಂಡಿತ್ತು. ಎತ್ತಿ ಬಿಸಾಡುವಾಗ ಅದರ ವಾಸನೆ ಬೆರಳಿಗೆ ಅಂಟಿತು. ಸೋಪು ಹಾಕಿ ತೊಳೆದರೂ ಬಿಡದ, ಘಾಟಿನ ಹಸಿರು ವಾಸನೆ... ಮೇಡಂ ನೆನಪಾದರು.

ಅವರು ಗುಬ್ಬಿಯ ಮುಸ್ಲಿಂ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳು. ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತ, ಬೆಂಗಳೂರಿನಲ್ಲಿ ಪಿಎಚ್‌ಡಿಗೂ ಸೇರಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊತ್ತಗೆರೆಯ ನಮ್ಮ ಅರ್ಧ ಎಕರೆ ಟೊಮ್ಯಾಟೊಗೆ ಎಲೆ ಮುದುಡುವ ರೋಗ ಬಿದ್ದಿತ್ತು. ಬಿಳಿನೊಣ ಹರಡುವ ವೈರಸ್ಸು ಅದು. ಒಮ್ಮೆ ಹತ್ತಿತೆಂದರೆ ಗಿಡ ಕುಳ್ಳಾಗಿ ನಿಂತುಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ನಾನು, ನಮ್ಮತ್ತೆ ಗಿಡ ಕೀಳುತ್ತಿದ್ದಾಗ ಮೇಡಂ ಥರ್ಮೊಕೋಲ್ ಡಬ್ಬಿ ಹಿಡಿದು ಬದುವಿನ ಮೇಲೆ ಬಂದು ನಿಂತರು. ರೋಗದ ಎಲೆ ಬೇಕು ಅಂದರು. ಹೊಲವನ್ನೆಲ್ಲ ಒಂದು ಸುತ್ತು ಹಾಕಿ, ಮೂಲೆಯ ಏಳೆಂಟು ಗಿಡಗಳ ಮುಂದೆ ಕೂತುಬಿಟ್ಟರು.

“ಅಕ್ಕ, ಇವುನ್ನ ಕೀಳ್ಬೇಡಿ. ರೋಗ ಇದೆ, ಆದ್ರೂ ಕಾಯಿ ಬಿಟ್ಟಿವೆ ನೋಡಿ.”

ನಾನು ದಿನವೂ ಆ ಗಿಡಗಳ ಪಕ್ಕದಲ್ಲೇ ಓಡಾಡಿದ್ದೆ. ನನಗೆ ಕಂಡಿರಲಿಲ್ಲ.

ನೊಣ ಅಕ್ಕಪಕ್ಕದ ಹೊಲಕ್ಕೆ ಹೋಗದಂತೆ ಆ ಮೂಲೆಗೆ ಸೊಳ್ಳೆಪರದೆ ಕಟ್ಟಿಸಿದರು. ಊರಿನವರು ನಿಂತು ನೋಡಿ ನಕ್ಕರು. “ರೋಗದ್ ಗಿಡ ಮಡಿಕ್ಕಂಡು ಪೂಜೆ ಮಾಡ್ತೀಯೇನೇ? ಕಿತ್ತಾಕು ಅತ್ಲಾಗೆ” ಎಂದು ಅತ್ತೆ ಬೈದರು. ಕೀಳಲಿಲ್ಲ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ...

ಕೆಲವು ವಾರ ಬಿಟ್ಟು ಬಂದ ಮೇಡಂ ಬಾಡಿಹೋಗಿದ್ದರು. ಬ್ಯಾಗಿನಿಂದ ಎಕ್ಸ್‌ರೇ ಫಿಲ್ಮಿನಂಥದ್ದೊಂದನ್ನು ತೆಗೆದು ಬಿಸಿಲಿಗೆ ಹಿಡಿದರು. ಕಪ್ಪು ಗೆರೆಗಳು. ಮೇಲಿನದು ವೈರಸ್ಸಿನ ಪೂರ್ತಿ ಡಿಎನ್‌ಎಯಂತೆ. ಮೂಲೆಯ ಗಿಡಗಳ ಎಲೆಯಲ್ಲಿ ಮಾತ್ರ ಅದರ ಕೆಳಗೆ ಇನ್ನೊಂದು ಗೆರೆ, ಅದರ ಅರ್ಧದಷ್ಟೇ ಉದ್ದದ ಡಿಎನ್‌ಎಯದು.

“ಇನ್ನರ್ಧ ಎಲ್ಲೋಯ್ತು ಮೇಡಂ?”

“ಅದನ್ನೇ ನಾನೂ ಹುಡುಕ್ತಿರೋದು. ನಮ್ಮ ಗೈಡು, ಬಸ್ಸಲ್ಲಿ ಓಡಾಡಿ ಎಲೆ ಕೆಡಿಸ್ಕೊಂಡಿದೀರಿ, ಒಡೆದಿರೋ ಡಿಎನ್‌ಎ ಇದು, ಥೀಸಿಸ್‌ನಿಂದ ತೆಗೀರಿ ಅಂದ್ರು.” ಫಿಲ್ಮನ್ನು ಮತ್ತೆ ಬಿಸಿಲಿಗೆ ಹಿಡಿದರು. “ಕೆಟ್ಟಿದ್ರೆ ಚೂರುಚೂರಾಗ್ಬೇಕಿತ್ತು ಅಕ್ಕ. ಪ್ರತಿ ಸಲ ಒಂದೇ ಜಾಗದಲ್ಲಿ ಗೆರೆ ಯಾಕ್ ಬರತ್ತೆ?”

ಆಮೇಲೆ, ಆ ಅರ್ಧ ಗೆರೆಗೂ ಗಿಡ ಕಾಯಿ ಬಿಡುವುದಕ್ಕೂ ಸಂಬಂಧ ಇದೆಯೇ ಎಂದು ನೋಡಲು, ನಮ್ಮ ಹಿತ್ತಿಲಲ್ಲಿ ಎರಡು ಸೊಳ್ಳೆಪರದೆ ಎದ್ದವು. ಎರಡರೊಳಗೂ ಕುಂಡಗಳಲ್ಲಿ ಒಂದೇ ಜಾತಿಯ, ರೋಗವಿಲ್ಲದ ಸಸಿಗಳು. ಒಂದು ಪರದೆಯ ಸಸಿಗಳಿಗೆ ಪೂರ್ತಿ ಮುದುಡಿದ ಗಿಡದ ಕುಡಿ, ಇನ್ನೊಂದರವಕ್ಕೆ ಮೂಲೆಯ ಗಿಡಗಳ ಕುಡಿ. ಬ್ಲೇಡು ಹಿಡಿದು ಅವರೇ ಕಸಿ ಕಟ್ಟಿದರು. ವಾರಕ್ಕೊಮ್ಮೆ ಅವರು ಬಂದು ಬರೆದುಕೊಂಡು ಹೋಗುವುದು, ಉಳಿದ ದಿನ ನೀರು ಹಾಕಿ ಕಾಯುವುದು ನಾನು. ಮೊದಮೊದಲು ಎರಡೂ ಕಡೆ ಎಲೆ ಮುದುಡಿದವು. ಮೇಡಂ ಸೋತರು ಅಂದುಕೊಂಡು ನಾನೊಂದು ದಿನ ಹಿತ್ತಿಲಲ್ಲೇ ಅತ್ತಿದ್ದೆ.

ಆದರೆ ಒಂದು ಬೆಳಿಗ್ಗೆ ನೀರು ಹಾಕಲು ಹೋದವಳು ಹಾಗೇ ನಿಂತೆ. ಕೈ ಒರೆಸಿಕೊಂಡು ಕುಣಿಗಲ್ ಬಸ್ಸು ಹತ್ತಿ, ಎಸ್‌ಟಿಡಿ ಬೂತಿನಿಂದ ಕಾಲೇಜಿಗೆ ಫೋನು ಮಾಡಿದೆ.

“ಮೇಡಂ, ಮೂಲೆ ಗಿಡದ್ ಪರದೇಲಿ ಹೂ ಬಿಟ್ಟವೆ. ಆ ಕಡೇವು ಕುಳ್ಳಗೇ ನಿಂತವೆ.”

ಮೇಡಂ ಯಾರನ್ನೋ ಪೆನ್ನು ಕೇಳಿದ್ದು ಕೇಳಿಸಿತು.

“ಎಷ್ಟು ಗಿಡದಲ್ಲಿ, ಅಕ್ಕ?”

“ಎಲ್ಲದ್ರಲ್ಲೂ.”

ಆ ಗಿಡಗಳ ಎಲೆಯಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಬಂತು. ವೈರಸ್ಸು ತನ್ನ ನಕಲು ಮಾಡಿಕೊಳ್ಳುವಾಗ ಒಂದು ಭಾಗ ಬಿಟ್ಟುಹೋಗಿ ಹುಟ್ಟಿದ ತುಂಡು ಅದು ಎಂದು ಮೇಡಂ ವಿವರಿಸಿದರು. ಒಂಟಿಯಾಗಿ ಅದಕ್ಕೆ ಬೆಳೆಯುವ ಶಕ್ತಿಯಿಲ್ಲ. ಪೂರ್ತಿ ವೈರಸ್ಸಿನ ಸಹಾಯದಿಂದಲೇ ಬೆಳೆದು, ಅದಕ್ಕೇ ಅಡ್ಡಗಾಲು ಹಾಕುತ್ತದೆ. ಅಷ್ಟರಲ್ಲಿ ಗಿಡ ಚೇತರಿಸಿಕೊಳ್ಳುತ್ತದೆ. ಇದರಿಂದ ನಾಳೆಯೇ ಔಷಧಿ ಬರುತ್ತದೆ ಎಂದು ಅವರು ಒಂದು ದಿನವೂ ಸುಳ್ಳು ಹೇಳಲಿಲ್ಲ. ಆ ವರ್ಷದ ಬೆಳೆ ನಮ್ಮ ಕೈಗೆ ಹತ್ತಲೂ ಇಲ್ಲ. ಆದರೆ ಗೈಡು ಫಿಲ್ಮನ್ನು ಬಹಳ ಹೊತ್ತು ನೋಡಿ, “ನಾನೇ ತಪ್ಪು ತಿಳ್ಕೊಂಡಿದ್ದೆ, ಬರೀರಿ” ಅಂದರಂತೆ. ಅದನ್ನು ಹೇಳುವಾಗ ಮೇಡಂ ಅತ್ತೆಯ ಕೈ ಹಿಡಿದುಕೊಂಡಿದ್ದರು.

ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಗೆ ನನ್ನನ್ನೂ ಅತ್ತೆಯನ್ನೂ ಬೆಂಗಳೂರಿಗೆ ಕರೆಸಿಕೊಂಡಿದ್ದರು. ಇಂಗ್ಲಿಷಿನ ಮಾತು ನಮಗೆ ತಿಳಿಯಲಿಲ್ಲ. ಗೋಡೆಯ ಬಿಳಿ ಪರದೆಯ ಮೇಲೆ ನಮ್ಮ ಹಿತ್ತಿಲಿನ ಚಿತ್ರ ಮೂಡಿತು. ಗಿಡ ನೋಡಿಕೊಂಡವರು ಯಾರೆಂದು ಒಬ್ಬರು ಕೇಳಿದರಂತೆ. ಮೇಡಂ ನನ್ನತ್ತ ತಿರುಗಿ, “ಅಕ್ಕ, ಒಂದ್ನಿಮಿಷ ಎದ್ದು ನಿಂತ್ಕೊಳಿ” ಅಂದರು. ಎದ್ದು ನಿಂತೆ. ಅಷ್ಟು ಜನ ಓದಿದವರು ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು...

ಕಳೆದ ವರ್ಷ ಮೇಡಂ ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ತುಮಕೂರು ಸೇರುವಷ್ಟರಲ್ಲಿ ಮಣ್ಣಾಗಿತ್ತು. ಮನೆ ತುಂಬ ಅವರ ಶಿಷ್ಯರು. ಅವರಲ್ಲೊಬ್ಬ ಹುಡುಗಿ, ಈಗ ತಾನೂ ಲೆಕ್ಚರರ್ ಅಂತೆ, ನನ್ನನ್ನು ಕೂರಿಸಿ ನೀರು ಕೊಟ್ಟು ಕೇಳಿದಳು:

“ನೀವು ಮೇಡಂಗೆ ಏನಾಗ್ಬೇಕು?”

“ನಾವಿಬ್ರೂ ಒಟ್ಟಿಗೆ ಕೆಲ್ಸ ಮಾಡಿದ್ವಿ” ಅಂದೆ.

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಡಂ ಕಿವಿಗೆ ಬೀಳುವಂತೆ ಒಂದು ಸಲವಾದರೂ ಹೇಳಬೇಕಿತ್ತು.