ಕಂಪ್ಯೂಟರಿಗೆ ಹೊದಿಕೆ ಹೊದಿಸಿದ ಮೇಷ್ಟ್ರು

"ಚಪ್ಪಲಿ ಬಿಟ್ಟು ಒಳಗೆ ಬನ್ನಿ" ಅಂದರು ಹೆಡ್ ಮಾಸ್ಟರು. ದೇವಸ್ಥಾನಕ್ಕಲ್ಲ, ಕಂಪ್ಯೂಟರ್ ಕೋಣೆಗೆ!

ಕಳೆದ ವಾರ ಕೊಟ್ಟಿಗೆಹಾರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನ ಪೋಷಕರ ಸಭೆಗೆ ಅತಿಥಿಯಾಗಿ ಹೋಗಿದ್ದೆ. ಐದು ಕಂಪ್ಯೂಟರ್. ಐದಕ್ಕೂ ಹೂವಿನ ಬಟ್ಟೆಯ ಹೊದಿಕೆ, ಅದರ ಮೇಲೆ ಕುಂಕುಮ (ಆಯುಧಪೂಜೆಯದು). ಅವು ಶಾಲೆಗೆ ಬಂದು ಒಂದೂವರೆ ವರ್ಷವಾಗಿದೆ. ಕೋಣೆಯ ಬೀಗದ ಕೈ ಹೆಡ್ ಮೇಷ್ಟ್ರ ಜೇಬಿನಲ್ಲಿ.

"ನಮ್ಮೂರ ಥಂಡಿಗೆ ಹಾಳಾಗ್ತವೆ ಸಾರ್. ಆಮೇಲೆ ಉತ್ತರ ಕೊಡ್ಬೇಕಾದವ್ನು ನಾನು" ಅಂದರು.

ನಾನು ಸುಮ್ಮನಿರಬೇಕಲ್ಲ? ಮೈಕ್ ಸಿಕ್ಕಿದ್ದೇ ತಡ, ಸೈಬರ್ ಕೆಫೆಯಲ್ಲಿ ಓದಿಕೊಂಡು ಹೋಗಿದ್ದನ್ನೆಲ್ಲ ಸುರಿದೆ. ಉರುಗ್ವೆ ಎಂಬ ಪುಟ್ಟ ದೇಶ ಶಾಲಾಮಕ್ಕಳ ಕೈಗೇ ಒಂದೊಂದು ಲ್ಯಾಪ್‌ಟಾಪ್ ಕೊಡುತ್ತಿದೆ, ಮನೆಗೂ ಒಯ್ಯಬಹುದು. ದಕ್ಷಿಣ ಕೊರಿಯಾ ಶಾಲೆಶಾಲೆಗೂ ಇಂಟರ್‌ನೆಟ್ ಎಳೆಯಿತು. ನಾವು? ಕಂಪ್ಯೂಟರ್ ಕೊಡುತ್ತೇವೆ, ಜೊತೆಗೊಂದು ಬೀಗ. ಚಪ್ಪಾಳೆ ಬಿತ್ತು. ಹಿಗ್ಗಿದೆ.

ಆಗ ಹಿಂದಿನ ಸಾಲಿನಿಂದ ಗಿರಿಜಮ್ಮ ಎದ್ದರು. ಪಕ್ಕದ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಅವರದು. ಮಗಳು ಸುಮಾ ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು.

"ಆ ದೇಶ ಎಲ್ಲ ಇರ್ಲಿ ಸಾರ್. ಮಾರ್ಚಿಗೆ ನನ್ ಮಗ್ಳು ಸ್ಕೂಲು ಬಿಡ್ತಾಳೆ. ಇಷ್ಟು ದಿನ ಕಿಟಕೀಲಿ ನೋಡಿದ್ದೇ ಬಂತು. ಅವ್ಳು ಮುಟ್ಟೋದು ಯಾವಾಗ?" ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಹಸಿ ಪಾರ್ಚ್‌ಮೆಂಟ್ ಕಾಫಿ ಬೀಜ ಟಾರ್ಪಾಲ್ ಅಡೀಲಿ ಮುಚ್ಚೇ ಇಟ್ರೆ ಬೂಷ್ಟು ಹಿಡೀತದೆ. ಬಿಚ್ಚಿ ಕೈಯಾಡಿಸ್ತಾ ಇರ್ಬೇಕು. ಇದಕ್ಕೂ ಹಂಗೇ ಅಲ್ವಾ ಸಾರ್?"

ನನ್ನ ಮುಕ್ಕಾಲು ಗಂಟೆಯ ಭಾಷಣ ನೀರುಪಾಲು! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಮೇಷ್ಟ್ರು ಕುರ್ಚಿ ಬಿಟ್ಟೆದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು. "ಮಕ್ಳು ಏನಾದ್ರೂ ಕೇಳಿದ್ರೆ ನಂಗೇ ಗೊತ್ತಿಲ್ವಲ್ಲ ಮಾರಾಯ್ರೇ. ಟ್ರೇನಿಂಗ್ ಅಂತ ಎರಡು ದಿನ ಕರ್ದಿದ್ರು. ಎರಡು ದಿನಾನೂ ಕರೆಂಟಿಲ್ಲ!"

ಥಂಡಿ ಬರೀ ನೆಪ. ಪಾಪ, ಮನುಷ್ಯ ಹೆದರಿದ್ದ. ಅಷ್ಟು ದೇಶಗಳ ಪಟ್ಟಿ ಓದಿದ ನಾನು ಇದೊಂದನ್ನು ಕೇಳಿರಲಿಲ್ಲ ನೋಡಿ.

ಆದರೆ ಮೆಚ್ಚಬೇಕು. ಎಲ್ಲರೆದುರೇ ಕೋಣೆಯ ಬೀಗ ತೆಗೆದು, ಹೊದಿಕೆ ಸರಿಸಿದರು. ಐದರಲ್ಲಿ ಮೂರು ಆನ್ ಆದವು. ಹತ್ತನೇ ಕ್ಲಾಸಿಗೆ ದಿನಕ್ಕೊಂದು ಪೀರಿಯಡ್ ಅಂತ ಅಲ್ಲೇ ಗೊತ್ತುಮಾಡಿದರು.

ನಿನ್ನೆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಕ್ಲಾಸಿಗೆಲ್ಲ ಸುಮಾಳೇ ಚುರುಕಂತೆ. ಮೇಷ್ಟ್ರು ಅವಳ ಪಕ್ಕ ಸ್ಟೂಲ್ ಹಾಕಿಕೊಂಡು ಕಲಿಯುತ್ತಿದ್ದಾರಂತೆ. ತಪ್ಪು ಕೀ ಒತ್ತಿದರೆ ಅವಳು ಗದರುವುದೂ ಉಂಟಂತೆ (ಹೇಳಿದ್ದು ಅವರೇ, ನಗುತ್ತಾ).

"ಮಾರ್ಚಿಗೆ ಅವ್ಳು ಹೋಗೋದ್ರೊಳಗೆ ನಾನು ಪಾಸಾಗ್ಬೇಕಲ್ಲ ಮಾರಾಯ್ರೇ?"